ಮದರಂಗಿ ಬೇಲಿಗೊಂದು ಬಹಿರಂಗ ನೋಟಿಸು

ಮಾನ್ಯ ಮದರಂಗಿ ಬೇಲಿಯವರಿಗೆ,

ಹುಬ್ಬಳ್ಳಿಯ ನಮ್ಮ ಮನೆಯ ಕಂಪೌಂಡ್ ಗೋಡೆ ನಿಮ್ಮ ಹೆಗಲ ಮೇಲೆ ತಲೆಯಿಟ್ಟು ಮೂರು ವಾರವಾಯಿತು. 40 ಅಡಿ ಉದ್ದ, 5 ಅಡಿ ಎತ್ತರದ ದೇಹ ಅದು, ಹಗುರವೇನಲ್ಲ. ಓಣಿಯವರೆಲ್ಲ ದಿನಾ ನಿಂತು ನೋಡಿ ಹೋಗುತ್ತಿರುವಾಗ ನಿಮ್ಮ ಮೇಲಿನ ಆರೋಪಗಳನ್ನೂ ಬಹಿರಂಗವಾಗಿಯೇ ತಿಳಿಸಿಬಿಡುತ್ತೇನೆ.

ಗೌಂಡಿ ಬಂದವನು ಗೋಡೆಗಿಂತ ಮೊದಲು ನಿಮ್ಮನ್ನು ನೋಡಿದ. "ಸಾಹೇಬ್ರ, ಇದರ ಬೇರು ಗ್ವಾಡಿ ದಬ್ಬ್ಯಾವ್ರಿ" ಎಂದ. ಹಳೆಯ ಕರೆಂಟ್ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದ: ಕೆಡವುವ ಆಳು, ಒಡೆದ ಕಲ್ಲುಮಣ್ಣು ಒಯ್ಯುವ ಟ್ರ್ಯಾಕ್ಟರ್, 240 ಬ್ಲಾಕು, ಸಿಮೆಂಟು, ಉಸುಕು, ಕಬ್ಬಿಣ, ಮಜೂರಿ, 'ಇತರೆ'. ಒಟ್ಟು 92,000 ರೂಪಾಯಿ. ಎಲ್ಲಕ್ಕೂ ಮೇಲಿನ ಸಾಲು 'ಬೇಲಿ ಕಡಿಯೂದು, 1,500'. ನಿಮ್ಮ ಗಲ್ಲಿನ ಹಗ್ಗದ ಖರ್ಚೂ ನನ್ನದೇ. 'ಇತರೆ' ಅಂದರೇನು ಎಂದೆ. "ಅದು ಆಮ್ಯಾಲ ಗೊತ್ತಾಗತೈತ್ರಿ." 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆಯಲ್ಲ ಎಂದು ಪೇಪರ್ ಓದುವವನ ಠೀವಿಯಲ್ಲಿ ಕೇಳಿದೆ. "ಇಳದೈತ್ರಿ, ಅದಕ್ಕ 92. ಇಲ್ಲಾಂದ್ರ 95 ಆಗತಿತ್ತು."

ನೀವೂ ಪೂರಾ ಸಾಚಾ ಅಲ್ಲ. ನಮ್ಮದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಬುಡದ ತೇವವನ್ನೆಲ್ಲ ಹೀರಿ ನೀವು ಹಸಿರಾಗಿರುತ್ತೀರಿ, ನಿಮ್ಮ ಕಡೆಯ ಮಣ್ಣು ಕುಸಿಯುತ್ತದೆ, ಗೋಡೆ ನಿಮ್ಮತ್ತ ಬಾಗುತ್ತದೆ. ಹೊಲ ಮೇಯುವ ಬೇಲಿಯನ್ನು ಗಾದೆಯಲ್ಲಿ ಕೇಳಿದ್ದೆ, ಗೋಡೆ ಮೇಯುವುದನ್ನು ಈಗಷ್ಟೇ ಕಂಡೆ. ಆದರೆ ಆಚೆ ಬದಿಯ ರಸ್ತೆಯನ್ನೂ ನೋಡಿ. ಡಾಂಬರಿನ ಮೇಲೆ ಡಾಂಬರು ಬಿದ್ದು ನಮ್ಮ ಅಂಗಳಕ್ಕಿಂತ ಒಂದೂವರೆ ಅಡಿ ಮೇಲೇರಿದೆ. ಮಳೆನೀರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಹರಿದುಹೋಗಲು ಗೋಡೆಯಲ್ಲಿ ಒಂದು ತೂತೂ ಇಲ್ಲ. 'ರಸ್ತೆ ಕಡಿಯೂದು' ಎಂದು ಗೌಂಡಿ ಬರೆಯಲಿಲ್ಲ.

ಇನ್ನು ಬುಡದ ಮಾತು. 12 ವರ್ಷದ ಹಿಂದೆ ನಾಲ್ಕಡಿ ಅಗೆಯೋಣ ಎಂದ ಗೌಂಡಿಗೆ "ಗ್ವಾಡಿ ಮ್ಯಾಲ ಏನ್ ಮಾಳಿಗಿ ಹಾಕ್ತೀವೇನೋ?" ಎಂದು ಗದರಿಸಿ ಒಂದೂವರೆ ಅಡಿಗೆ ನಿಲ್ಲಿಸಿದ ಜಾಣ ಯಾರೆಂದು ದಯವಿಟ್ಟು ಕೇಳಬೇಡಿ. 7,000 ರೂಪಾಯಿ ಉಳಿಯಿತು. ಆ ದುಡ್ಡಿನಲ್ಲಿ ಗೇಟಿಗೆ ಎರಡು ಸಿಮೆಂಟಿನ ಸಿಂಹ ಬಂದವು. ಅವು ಇಂದಿಗೂ ನೆಟ್ಟಗೆ ಕೂತಿವೆ. ಮೊನ್ನೆ ಬಂದ ವಿಜಯಪುರದ ಬೀಗರು "ನಮ್ಮೂರ ಗೋಳಗುಮ್ಮಟ 1656ರಿಂದ ಹಂಗ ನಿಂತೈತ್ರಿ" ಎಂದು ಹೇಳಿ, ಇನ್ನೊಂದು ಕಪ್ ಚಹಾ ಕುಡಿದು ಹೋದರು.

ಸಿವಿಲ್ ಇಂಜಿನಿಯರ್ ಆದ ಅಕ್ಕನ ಮಗ ಬೇರೆಯೇ ರಾಗ ತೆಗೆದ. "ಮಾಮಾ, ಬೇಲಿ ಕಡದ್ರ ಅಲ್ಲಿ ಮಣ್ಣು ನೀರು ಕುಡದು ಉಬ್ಬತೈತಿ. ಹೊಸಾ ಗ್ವಾಡಿ ರಸ್ತೆ ಕಡೆ ವಾಲತೈತಿ." ಅವನ ಪರಿಹಾರ ಅಂಡರ್ ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗೆಂದು ರೂಪಿಸಿದ ಕಂಬ. ಆಳಕ್ಕಿಳಿದು ಕೆಳಗೆ ಗೆಡ್ಡೆಯಂತೆ ಉಬ್ಬಿರುತ್ತದೆ. ಮೇಲೆ 5 ಅಡಿ, ಕೆಳಗೆ 12 ಅಡಿ. ಇದು ಗೋಡೆ ಕಟ್ಟುವುದಲ್ಲ, ಬಿತ್ತುವುದು. ಖರ್ಚು ಎರಡು ಲಕ್ಷ ದಾಟುತ್ತದಂತೆ.

ಆದಕಾರಣ ತಮ್ಮ ಗಲ್ಲುಶಿಕ್ಷೆಯನ್ನು ಮುಂದೂಡಲಾಗಿದೆ. ಹಣ ಕೂಡುವ ತನಕ ತಾವು ಗೋಡೆಯನ್ನು ಹೊತ್ತು ನಿಲ್ಲತಕ್ಕದ್ದು. ಬೇರು ಬೆಳೆಸಕೂಡದು, ಒಣಗಲೂಕೂಡದು. ಬೇಸಿಗೆಯಲ್ಲಿ ದಿನಕ್ಕೆರಡು ಕೊಡ ನೀರು ಕೊಡುತ್ತೇನೆ, ನಲ್ಲಿಯಲ್ಲಿ ಬಂದ ದಿನ.

ನಾಗರ ಪಂಚಮಿ ಮುಗಿಯುವವರೆಗೆ ನಿಮಗೆ ಕತ್ತರಿ ತಾಗಿಸಬಾರದೆಂದು ನಮ್ಮ ಮನೆಯವರ ಕಟ್ಟಪ್ಪಣೆಯೂ ಇದೆ. ಓಣಿಯ ಹುಡುಗಿಯರು ಕೈಗೆ ಹಚ್ಚಿಕೊಳ್ಳಲು ನಿಮ್ಮ ಎಲೆಗೇ ಬರುತ್ತಾರೆ. ಹೋದ ವರ್ಷ ಈ ಗೋಡೆ ಹತ್ತಿ ಹರಿದುಕೊಂಡಿದ್ದರು. ಈ ಸಲ ನಾನೇ ಹರಿದು, ಸಿಂಹದ ಪಕ್ಕ ನಿಂತು ಹಂಚುತ್ತೇನೆ.

ಇಂತಿ,
ನಿಮ್ಮ ಮೇಲೆಯೇ ಭಾರ ಹಾಕಿರುವ
ಗೋಡೆಯ ಮಾಲೀಕ