ಹೆಸರಿನ ಸವಕಳಿ

ಬೆಳ್ತಂಗಡಿಯ ನನ್ನ ಸ್ನೇಹಿತನಿಗೆ ಹಲಸಿನ ಹಪ್ಪಳ ಮಾಡುವುದು ಕಷ್ಟವಾಗಲಿಲ್ಲ. ಅದಕ್ಕೊಂದು ಹೆಸರಿಡುವುದು ಕಷ್ಟವಾಯಿತು. “ಶ್ರೀ ಮಂಜುನಾಥ ಅಂತ ಇಟ್ಟು ಟ್ರೇಡ್ ಮಾರ್ಕ್ ಮಾಡಿಸ್ತೇನೆ ಮಾರಾಯ, ಬೇರೆ ಯಾರೂ ಮುಟ್ಟಬಾರದು” ಎಂದ. ಧರ್ಮಸ್ಥಳದ ಬುಡದಲ್ಲಿ ಕೂತು ಹೀಗೆನ್ನುವವನ ಧೈರ್ಯ ಮೆಚ್ಚಬೇಕು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು: ಗ್ಯಾರೇಜು, ಬೇಕರಿ, ಸೆಲೂನು, ಎಲ್ಲದಕ್ಕೂ ದೇವರೇ ಯಜಮಾನ.

“ಹಾಗಾದ್ರೆ ಬೆಳ್ತಂಗಡಿ ಹಪ್ಪಳ?” ಊರಿನ ಹೆಸರಿಗೆ ಸಾಮಾನಿನ ಹೆಸರು ಸೇರಿಸಿದರೆ ಅದು ಎಲ್ಲರ ಮಾತಾಯಿತು. “ಗರಿಗರಿ?” ಅದು ಹಪ್ಪಳದ ಗುಣ, ನಿನ್ನದಲ್ಲ. ಕೊನೆಗೆ ಅವನನ್ನು ಮೂಡುಬಿದಿರೆಗೆ ಕರೆದೊಯ್ದು ಸಾವಿರ ಕಂಬದ ಬಸದಿಯಲ್ಲಿ ನಿಲ್ಲಿಸಿದೆ. 1430ರದ್ದು, ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುವುದು ಊರ ಮಾತು. “ಕಾನೂನು ಕೇಳುವುದೂ ಇಷ್ಟೇ” ಎಂದೆ. ಅವನು ಕಂಬ ಎಣಿಸತೊಡಗಿದ.

ಒಂದರಂತೆ ಇನ್ನೊಂದಿಲ್ಲದ ಗುರುತು ತುಳುನಾಡಿಗೆ ಹೊಸತಲ್ಲ. ಊರಲ್ಲಿ ಹತ್ತು ಮಂದಿ ರಮೇಶರಿದ್ದರೂ ಯಾರಿಗೂ ಗೊಂದಲವಿಲ್ಲ, ಮನೆ ಹೆಸರು ಉಂಟಲ್ಲ! ಅದರ ನೋಂದಣಿಗೆ ಮದುವೆ ಊಟದ ಒಂದು ಪಂಕ್ತಿ ಸಾಕು. ಸರಕಾರದ್ದು ಮಾತ್ರ ಉದ್ದದ ದಾರಿ. ನಮಗೆ ಚೆನ್ನೈ ಕಚೇರಿ, ಸಣ್ಣ ವ್ಯಾಪಾರಿಗೆ ಆನ್‌ಲೈನಿನಲ್ಲಿ ವರ್ಗವೊಂದಕ್ಕೆ 4,500 ರೂಪಾಯಿ, ವರ್ಗಗಳು 45. ಜರ್ನಲಿನಲ್ಲಿ ಪ್ರಕಟವಾದ ಮೇಲೆ ತಕರಾರಿಗೆ 4 ತಿಂಗಳು. ಎಲ್ಲ ದಾಟಿದರೆ 10 ವರ್ಷ ನಿಶ್ಚಿಂತೆ, ಮತ್ತೆ ನವೀಕರಣ. ಹಾಲಿನ ನಂದಿನಿಗೂ ನಂದಿನಿ ಡಿಲಕ್ಸ್ ಹೋಟೆಲಿಗೂ ನಡೆದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹಾಲಿನ ಪದಾರ್ಥಗಳನ್ನು ಬಿಟ್ಟು ಹೋಟೆಲೂ ಆ ಹೆಸರು ಇಟ್ಟುಕೊಳ್ಳಬಹುದೆಂದು 2018ರಲ್ಲಿ ತೀರ್ಪಾಯಿತು.

“ಒಂದು ಹೆಸರಿಗೆ ಇಷ್ಟೆಲ್ಲ ಯಾಕೆ?” ಎಂದ. ಗಣೇಶ ಬೀಡಿಯ ಕತೆ ಹೇಳಿದೆ. ಹೆಸರು ಮಂಗಳೂರು ಗಣೇಶ ಬೀಡಿ, ಕಚೇರಿ ಮೈಸೂರಲ್ಲಿ. ಪಾಲುದಾರರಲ್ಲಿ ಹೊಂದಿಕೆ ತಪ್ಪಿ 1987ರಲ್ಲಿ ಪಾಲುದಾರಿಕೆ ಮುರಿಯಿತು. 1994ರಲ್ಲಿ ಹೆಸರೂ ಸೇರಿದ ವ್ಯಾಪಾರ ಅವರವರೊಳಗೇ ಹರಾಜಾದಾಗ ಮೂವರು ಸೇರಿ 92 ಕೋಟಿ ರೂಪಾಯಿಗೆ ಕೂಗಿದರು.

“ಗಣೇಶ ದೇವರಲ್ವಾ?”

“ಹೌದು. ಆದರೆ ಆ ಗಣೇಶನ ಹಿಂದೆ ವರ್ಷಗಟ್ಟಲೆಯ ಹೊಗೆ ಉಂಟು.”

ಮುಂದೆ ಆ ಬೀಡಿಯವರಿಗೆ ಆದಾಯ ತೆರಿಗೆಯ ವ್ಯಾಜ್ಯ ಬಂತು. ಟ್ರೇಡ್ ಮಾರ್ಕೂ ಯಂತ್ರದ ಹಾಗೆ ವ್ಯಾಪಾರದ ಸಾಧನವೇ, ಅದಕ್ಕೂ ಸವಕಳಿ ಲೆಕ್ಕ ಹಾಕಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೆ ನಗು ಬಂತು. ರುಬ್ಬುವ ಕಲ್ಲು ಸವೆಯುತ್ತದೆ, ಬಸ್ಸಿನ ಟಯರು ಸವೆಯುತ್ತದೆ. ಹೆಸರೋ, ಬಾಯಿಂದ ಬಾಯಿಗೆ ಹೋದಷ್ಟೂ ಕೊಬ್ಬುವ ಪ್ರಾಣಿ. ಅದು ಸವೆಯುವುದೆಲ್ಲಿ?

ಬಂಟ್ವಾಳಕ್ಕೆ ಮರಳಿದರೆ, ಪಕ್ಕದ ಮನೆಯ ಅಕ್ಕ ಜಗಲಿಯಲ್ಲಿ ಮಡಿಲ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. 25ರ ಕಟ್ಟುಗಳು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತವೆ, ಆಮೇಲೆ ಲೇಬಲ್ಲು ಏರುತ್ತದೆ. ಅದರಲ್ಲಿ ಅಕ್ಕನ ಹೆಸರು ಇರುವುದಿಲ್ಲ. ಅವರ ಸ್ವಂತ ಮಾರ್ಕು ಹುಟ್ಟುವಾಗಲೇ ಹೆಬ್ಬೆರಳಲ್ಲಿ ನೋಂದಣಿಯಾಗಿ ಬಂದದ್ದು. ರೇಷನ್ ಅಂಗಡಿಯ ಯಂತ್ರ ಈಗ ಅದನ್ನು ಗುರುತಿಸುವುದಿಲ್ಲವಂತೆ.

“ಎಲೆ ಸುರುಟಿ ಸುರುಟಿ ಗೆರೆ ಎಲ್ಲ ಹೋಗಿದೆ ಅಣ್ಣ” ಎಂದು ನಕ್ಕು ಬೆರಳು ತೋರಿಸಿದರು.