ಕಟ್ಟೆಯ ಮೇಲಿನ ಪುಟ್ಟ ಓವನ್ನು

ಅಮೆರಿಕದ ಕನ್ನಡ ಮನೆಗಳಲ್ಲಿ ಒಲೆಯ ಕೆಳಗೆ ದೊಡ್ಡದೊಂದು ಓವನ್ ಇದ್ದೇ ಇರುತ್ತದೆ. ಅದರೊಳಗೆ ಏನಿದೆ ಎಂದು ಮಾತ್ರ ಕೇಳಬಾರದು. ಬಾಣಲೆಗಳು, ದೋಸೆ ಕಾವಲಿ, ಇಡ್ಲಿ ಸ್ಟ್ಯಾಂಡು, ಹಿಡಿ ಮುರಿದ ಕುಕ್ಕರು, ಯುಗಾದಿ ಊಟಕ್ಕೆ ಯಾರೋ ತಂದು ಮರೆತುಹೋದ ಸ್ಟೀಲ್ ಡಬ್ಬಿ. ಊರಿನ ಮನೆಯ ಅಟ್ಟವೇ ಇಳಿದು ಬಂದು ಒಲೆಯ ಕೆಳಗೆ ಕೂತಂತೆ. ಮಗಳು ಪಿಜ್ಜಾ ಕೇಳಿದ ದಿನ ಇದನ್ನೆಲ್ಲ ನೆಲಕ್ಕೆ ಹರಡಬೇಕು. ಅದಕ್ಕಿಂತ ಇನ್ನೊಂದು ಓವನ್ ಕೊಳ್ಳುವುದೇ ಮೇಲು ಎಂದು ತೀರ್ಮಾನಿಸಿದ ಸಂಸಾರಗಳು ನ್ಯೂಜೆರ್ಸಿಯ ಎಡಿಸನ್‌ನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ವರೆಗೂ ಸಿಗುತ್ತವೆ.

ಹೀಗೆ ಅಡುಗೆ ಕಟ್ಟೆ ಏರುವುದು ಕನ್ವೆಕ್ಷನ್ ಟೋಸ್ಟರ್ ಓವನ್. ಮೇಲೂ ಕೆಳಗೂ ಕೆಂಪಗೆ ಕಾಯುವ ಸರಳುಗಳು, ಜೊತೆಗೆ ಬಿಸಿಗಾಳಿ ತಿರುಗಿಸುವ ಫ್ಯಾನು. ಪೆಟ್ಟಿಗೆ ಚಿಕ್ಕದು, ಬೇಗ ಕಾಯುತ್ತದೆ. ಫ್ಯಾನಿನ ದೆಸೆಯಿಂದ ಉಷ್ಣತೆಯನ್ನು ಸುಮಾರು 25 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿದರೂ ನಡೆಯುತ್ತದೆ. ಏರ್ ಫ್ರೈಯರ್ ಎಂದು ಮೆರೆಯುವುದೂ ಇದರ ಚಿಕ್ಕ ತಂಗಿಯೇ. ಫ್ಯಾನಿಗೆ ಅವಸರ ಸ್ವಲ್ಪ ಜಾಸ್ತಿ, ಅಷ್ಟೆ.

ಮೊದಲ ಎಡವಟ್ಟು ಆಗುವುದೇ ಡಿಗ್ರಿಯಲ್ಲಿ. ಅಯ್ಯಂಗಾರ್ ಬೇಕರಿಯ ಖಾರಾ ಬನ್ ನೆನಪಾಗಿ ಒಬ್ಬಾಕೆ ಬೆಂಗಳೂರಿನ ಯೂಟ್ಯೂಬ್ ವಿಡಿಯೋ ನೋಡಿದರು. 180 ಅಂದರು, 180ಕ್ಕೆ ತಿರುಗಿಸಿದರು. ವಿಡಿಯೋದ 180 ಸೆಲ್ಸಿಯಸ್. ಅಮೆರಿಕದ ಓವನ್ನಿನ 180 ಅಂದರೆ ಬರೀ 82 ಸೆಲ್ಸಿಯಸ್, ಕಾಫಿಯ ಬಿಸಿ. ಅರ್ಧ ಗಂಟೆಯಾದರೂ ಬನ್ನು ಬೆವರಿತೇ ಹೊರತು ಬೇಯಲಿಲ್ಲ. ಯೀಸ್ಟು ಸಾಯುವುದಕ್ಕೆ ಮಾತ್ರ ಅಷ್ಟು ಸಾಕಾಯಿತು.

ಎರಡನೆಯದು ಕರೆಂಟಿನದು. ದೊಡ್ಡ ಮಾದರಿಗಳು 1,800 ವ್ಯಾಟ್ ಎಳೆಯುತ್ತವೆ. ಅಲ್ಲಿನದು 120 ವೋಲ್ಟ್. ಅಡುಗೆಮನೆಯ 20 ಆಂಪಿಯರ್ ಲೈನು ಹೊರುವುದು ಹೆಚ್ಚೆಂದರೆ 2,400 ವ್ಯಾಟ್. ಬೆಳಿಗ್ಗೆ ಟೋಸ್ಟ್ ಇಟ್ಟವರು ಡಿಕಾಕ್ಷನ್‌ಗೆಂದು ಪಕ್ಕದಲ್ಲೇ 1,500 ವ್ಯಾಟ್ ಕೆಟಲ್ ಹಾಕಿದರೆ ಎರಡೂ ತಣ್ಣಗಾಗುತ್ತವೆ. ಗಂಡ ಪಂಚೆ ಎತ್ತಿಕಟ್ಟಿ, ಟಾರ್ಚ್ ಹಿಡಿದು, ನೆಲಮಾಳಿಗೆಯಲ್ಲಿ ಬ್ರೇಕರ್ ಹುಡುಕುತ್ತಾನೆ. ಮೇಲಿನಿಂದ ಸೂಚನೆಗಳು ಬರುತ್ತಲೇ ಇರುತ್ತವೆ: "ಅದಲ್ಲ ರೀ, ಈಗ ವೈಫೈ ಹೋಯ್ತು!"

ಯಂತ್ರಕ್ಕೆ ನಿಜವಾದ ಪರೀಕ್ಷೆ ಅತ್ತೆ ಬಂದಾಗ. ಮಿನೆಸೋಟಾದ ಒಂದು ಮನೆಗೆ, ಬಾಣಂತನದಲ್ಲಿ ತವರಿನವರ ಪಾಳಿ ಮುಗಿದು, ಜನವರಿಯಲ್ಲಿ ಅತ್ತೆ ಮಾವ ಬಂದಿಳಿದರು. ಅತ್ತೆಗೆ ಬಾಳಕದ ಮೆಣಸಿನಕಾಯಿ ಹಾಕುವ ಆಸೆ. ಹೊರಗೆ ಸೊಂಟದವರೆಗೆ ಹಿಮ. ಸೊಸೆ ಓವನ್ನಿನ 'ಡಿಹೈಡ್ರೇಟ್' ಗುಂಡಿ ತೋರಿಸಿದಳು. 140 ಫ್ಯಾರನ್‌ಹೀಟ್, ಅಂದರೆ 60 ಸೆಲ್ಸಿಯಸ್. ಹಗಲೆಲ್ಲ ಪೆಟ್ಟಿಗೆಯಲ್ಲಿ ಒಣಗುವುದು, ರಾತ್ರಿ ಮತ್ತೆ ಉಪ್ಪು ಮಜ್ಜಿಗೆಗೆ ಮುಳುಗುವುದು. ಮೀಟಿಂಗಿನಲ್ಲಿದ್ದ ಮಗ ಹುಳಿಮಜ್ಜಿಗೆ ವಾಸನೆಗೆ ಬಾಗಿಲು ಹಾಕಿಕೊಂಡ. ಬಾಳಕ ಮಾತ್ರ ಗರಿಗರಿ ಬಂತು.

ಹುಮ್ಮಸ್ಸಿನಲ್ಲಿ ಮರುದಿನ ಗೊಜ್ಜಿಗೆ ಬದನೆಕಾಯಿ ಸುಟ್ಟರು. ಚುಚ್ಚದೆ ಇಟ್ಟಿದ್ದರಿಂದ ಒಳಗಿನ ಆವಿಗೆ ಕಾಯಿ ಸಿಡಿಯಿತು, ಎಣ್ಣೆ ಸವರಿದ ತಿರುಳು ಸರಳಿನ ಮೇಲೆ ಬಿತ್ತು, ಹೊಗೆ ಎದ್ದಿತು, ಸ್ಮೋಕ್ ಅಲಾರಂ ಕೂಗಿತು, ಕೂಸು ಅದಕ್ಕೆ ದನಿಗೂಡಿಸಿತು. ಮಾವ ಟವೆಲ್ ಬೀಸುತ್ತ ಅಲಾರಂ ಕೆಳಗೆ ನಿಂತರು.

ಇಷ್ಟಾದರೂ ಅತ್ತೆಗೆ ಪೆಟ್ಟಿಗೆಯ ಮೇಲೆ ಮೋಹ. ಹೊರಡುವ ವಾರ ಅದನ್ನು ಮೈಸೂರಿಗೆ ಒಯ್ಯೋಣ ಎಂದರು. ಕೆಇಬಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದ ಮಾವ ಪಂಚಾಂಗದ ಹಿಂಬದಿಯಲ್ಲಿ ಲೆಕ್ಕ ಹಾಕಿದರು. "ನೋಡೇ, ನಮ್ಮಲ್ಲಿ 230 ವೋಲ್ಟು. ವೋಲ್ಟು ದುಪ್ಪಟ್ಟು ಅಂದ್ರೆ ವ್ಯಾಟು ನಾಲ್ಕು ಪಟ್ಟಿನ ಹತ್ತಿರ. ಇದು ಆರೂವರೆ ಸಾವಿರ ವ್ಯಾಟ್ ಎಳೆಯೋಕೆ ಹೋಗುತ್ತೆ. ಮೆಣಸಿನಕಾಯಿ ಒಣಗೋ ಮುಂಚೆ ಇದೇ ಸುಟ್ಟುಹೋಗುತ್ತೆ."

ಅತ್ತೆ ಮರುಮಾತಾಡಲಿಲ್ಲ. ವಿಮಾನ ಹಾರಿದ ಮೇಲೆ ಸೊಸೆ ಟೋಸ್ಟ್ ಮಾಡಲು ಬಾಗಿಲು ತೆರೆದರೆ ಒಳಗೆ ಜಾಲರಿ ತಟ್ಟೆ ಇರಲಿಲ್ಲ. ಅದಕ್ಕೆ ವೋಲ್ಟೇಜಿನ ಹಂಗಿಲ್ಲವಲ್ಲ.