ಟಕ್ ಅಂತ ಬೀಳಬೇಕು

ಸಿಗ್ನಲ್ ಕೆಂಪಾದಾಗ ಪಕ್ಕದ ಕಾರಿನೊಳಕ್ಕೆ ಒಮ್ಮೆ ಕಣ್ಣು ಹಾಯಿಸಿ. ಹೆಚ್ಚಿನವರು ಮೊಬೈಲ್ ನೋಡುತ್ತಿರುತ್ತಾರೆ, ಕೆಲವರು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾರೆ. ಅಪರೂಪಕ್ಕೊಬ್ಬರು ಮಾತ್ರ ಎಡಗೈಯನ್ನು ಗೇರ್ ಲಿವರಿನ ಮೇಲಿಟ್ಟು, ನ್ಯೂಟ್ರಲ್‌ನಲ್ಲೇ ಅದನ್ನು ಅತ್ತ ಇತ್ತ ಅಲ್ಲಾಡಿಸುತ್ತ, ಕಣ್ಣು ಅರ್ಧ ಮುಚ್ಚಿ ಏನನ್ನೋ ಆಲಿಸುತ್ತಿರುತ್ತಾರೆ. ಹಸಿರು ಬಿದ್ದು ಹಿಂದಿನವರೆಲ್ಲ ಹಾರ್ನ್ ಒತ್ತಿದರೂ ಅವರಿಗೆ ಗಡಿಬಿಡಿಯಿಲ್ಲ. ಮೊದಲು ಸೆಕೆಂಡಿಗೆ ಮುಟ್ಟಿಸಿ, ಅಲ್ಲಿಂದ ವಾಪಸ್ ತಂದು, ಆಮೇಲೆ ಫಸ್ಟಿಗೆ ಹಾಕಿ, ಒಂದು ಸಲ ತಲೆಯಾಡಿಸಿ ಹೊರಡುತ್ತಾರೆ. ತಲೆಯಾಡಿಸಿದ್ದು ಮೆಚ್ಚಿಯೋ ನೊಂದೋ ಹೇಳಲಾಗದು. ಇವರೇ ಗೇರಪ್ಪನವರು. ಸ್ವಂತ ಹೆಸರು ಬೇರೆ ಇರುತ್ತದೆ. ಬಡಾವಣೆಗೊಬ್ಬರಂತೆ ಇರುವುದರಿಂದ ಎಲ್ಲರಿಗೂ ಸೇರಿಸಿ ಒಂದೇ ಹೆಸರು ಸಾಕು.

ನಮ್ಮ ಅಪಾರ್ಟ್‌ಮೆಂಟಿನ ಗೇರಪ್ಪನವರಿಗೆ ನಲವತ್ತು ದಾಟಿದೆ. ಒಳ್ಳೆಯ ಕೆಲಸ, ಚಿಕ್ಕ ಸಂಸಾರ, ಐದು ಗೇರಿನ ಒಂದು ಸಾಧಾರಣ ಪೆಟ್ರೋಲ್ ಕಾರು. ಕಾರಿನ ಬಣ್ಣ, ಮೈಲೇಜು, ಮ್ಯೂಸಿಕ್ ಸಿಸ್ಟಂ ಯಾವುದರ ಬಗ್ಗೆಯೂ ಅವರಿಗೆ ತಕರಾರಿಲ್ಲ. ತಕರಾರು ಒಂದೇ: ಗೇರ್ ‘ಟಕ್’ ಅಂತ ಬೀಳುವುದಿಲ್ಲ. ಅದು ‘ಪಚಕ್’ ಅಂತ ಬೀಳುತ್ತದೆ. ಉಪ್ಪಿನಕಾಯಿ ಜಾಡಿಯೊಳಗೆ ಸೌಟು ಆಡಿಸಿದ ಹಾಗೆ ಎಂದು ಅವರು ಹೇಳುವಾಗ ಮುಖ ಹುಳ್ಳಗಾಗಿರುತ್ತದೆ. ಮಾವಿನಕಾಯಿಯೋ ನಿಂಬೆಯೋ ಎಂದು ಕೇಳಿದವರ ಜೊತೆ ಅವರು ಮಾತು ಬಿಟ್ಟಿದ್ದಾರೆ.

ಈ ವ್ಯಾಧಿ ಹುಟ್ಟಿನಿಂದ ಬಂದದ್ದಲ್ಲ. ಅವರ ತಂದೆಯ ಕಾಲದ ಅಂಬಾಸಿಡರ್, ಫಿಯೆಟ್ಟುಗಳಲ್ಲಿ ಗೇರ್ ಸ್ಟೀರಿಂಗಿನ ಪಕ್ಕದಲ್ಲಿತ್ತು. ಮುಂದಿನ ಸೀಟಿನಲ್ಲಿ ಮೂರು ಜನ ಕೂರಬಹುದಿತ್ತು, ಮದುವೆ ದಿಬ್ಬಣಕ್ಕಾದರೆ ನಾಲ್ಕು. ಬುಷ್ ಸವೆದು ಲಿವರ್ ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಡ್ರೈವರ್ ಇಳಿದು ಬಾನೆಟ್ ಎತ್ತಿ, ರಾಡನ್ನು ಕೈಯಲ್ಲೇ ಎಳೆದು ಬಿಡಿಸಿ, ಏನೂ ಆಗದವನಂತೆ ಬಂದು ಕೂರುತ್ತಿದ್ದ. ‘ಫೀಲ್’ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಗೇರ್ ಬಿತ್ತೋ, ಪುಣ್ಯ. 1983ರ ಕೊನೆಯಲ್ಲಿ ಮಾರುತಿ 800 ಬಂತು, ಲಿವರ್ ನೆಲಕ್ಕಿಳಿಯಿತು. ಗೇರಪ್ಪನವರು ಕಲಿತದ್ದು ಸೋದರಮಾವನ ಅಂಥದೊಂದು ಕಾರಿನಲ್ಲಿ. ಅಲ್ಲಿಯವರೆಗೂ ಆರೋಗ್ಯವಾಗಿಯೇ ಇದ್ದರು. ಕೆಡಿಸಿದ್ದು ಗೆಳೆಯನೊಬ್ಬನ ಹಳೆಯ ಹೊಂಡಾ ಸಿಟಿ, 1998ರಲ್ಲಿ ನಮ್ಮಲ್ಲಿಗೆ ಬಂದ ಆ ಮೊದಲ ಮಾದರಿ. ನೆಲಮಂಗಲದಿಂದ ಕುಣಿಗಲ್ಲಿನವರೆಗೆ ಗೆಳೆಯ ಅದನ್ನು ಇವರ ಕೈಗೆ ಕೊಟ್ಟ. ಮೂರರಿಂದ ನಾಲ್ಕಕ್ಕೆ ಲಿವರ್ ತಾನಾಗಿ ಹೋದದ್ದನ್ನು ಅವರು ಇಂದಿಗೂ ಎಡಗೈ ಎತ್ತಿ, ಗಾಳಿಯಲ್ಲಿ ಹಾಕಿ ತೋರಿಸುತ್ತಾರೆ. ಮದುವೆಯ ವಿಷಯ ಬಂದಾಗ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ.

ಎಡಗೈಗೆ ನಮ್ಮಲ್ಲಿ ಮೊದಲಿನಿಂದಲೂ ಮರ್ಯಾದೆ ಕಮ್ಮಿ ಎಂಬುದೂ ಇಲ್ಲಿ ಸೇರಿದೆ. ಪ್ರಸಾದಕ್ಕೆ ಒಡ್ಡುವಂತಿಲ್ಲ, ದುಡ್ಡು ಕೊಡುವಂತಿಲ್ಲ, ಊಟಕ್ಕಂತೂ ಇಲ್ಲವೇ ಇಲ್ಲ. ಬಲಗಡೆ ಕೂತು ಓಡಿಸುವ ನಮ್ಮ ದೇಶದ ಕಾರಿನಲ್ಲಿ ಮಾತ್ರ ಆ ಕೈಗೊಂದು ಹುದ್ದೆ ಸಿಕ್ಕಿದೆ. ಆ ಹುದ್ದೆಯ ಸುಖಕ್ಕಾಗಿ ಗೇರಪ್ಪನವರು ಮಾಡಿದ ಖರ್ಚು ಕಾರಿನ ಇನ್ಶೂರೆನ್ಸ್ ಕಂತನ್ನು ಯಾವತ್ತೋ ದಾಟಿದೆ.

ಅವರ ಉಪನ್ಯಾಸ ಕೇಳಬೇಕೆಂದರೆ ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿಗೆ ಹೋಗಬೇಕು, ಬೇಡವೆಂದರೆ ಹೋಗಲೇಬಾರದು. ಒಂದು ದಿನ ಅವರು, ವಾಕಿಂಗ್ ಹೊರಟಿದ್ದ ನಿವೃತ್ತ ಫಿಸಿಕ್ಸ್ ಮೇಷ್ಟ್ರನ್ನು ನಿಲ್ಲಿಸಿ, ಅವರ ಊರುಗೋಲನ್ನೇ ಇಸಿದುಕೊಂಡು ಪಾಠ ಶುರುಮಾಡಿದರು. ಗೇರ್ ಬಾಕ್ಸ್ ಇರುವುದು ಬಾನೆಟ್ಟಿನ ಕೆಳಗೆ, ಲಿವರ್ ಇರುವುದು ನಮ್ಮ ಮೊಣಕಾಲಿನ ಪಕ್ಕ. ನಡುವೆ ಎರಡು ಕೇಬಲ್, ಒಂದು ಹಿಂದೆ ಮುಂದೆ ಎಳೆಯಲು, ಇನ್ನೊಂದು ಎಡಬಲಕ್ಕೆ. ಕೇಬಲ್ ತುದಿಗಳಲ್ಲಿ ರಬ್ಬರ್ ಬುಷ್. “ನಾನು ಇಷ್ಟು ತಳ್ಳಿದರೆ ಅದರಲ್ಲಿ ಒಂದು ಪಾಲು ರಬ್ಬರೇ ತಿಂದುಬಿಡುತ್ತೆ ಸಾರ್. ಗೇರ್ ಬಾಕ್ಸಿಗೆ ತಲುಪೋದು ಎಂಜಲು.” ಆಮೇಲೆ ಕೋಲನ್ನು ನಡುವೆ ಹಿಡಿದು, ಹಿಡಿತವನ್ನು ಮೇಲಕ್ಕೆ ಸರಿಸಿ, ಲಿವರಿನ ತಿರುಗುವ ಬಿಂದುವನ್ನು ಏರಿಸಿದರೆ ಕೈ ಹೋಗಬೇಕಾದ ದೂರ ಹೇಗೆ ಕಮ್ಮಿಯಾಗುತ್ತದೆಂದು ತೋರಿಸಿದರು. ಇದಕ್ಕೇ ಶಾರ್ಟ್ ಶಿಫ್ಟರ್ ಅನ್ನುವುದು. ಕಂಬ ಹಿಡಿದು ನಿಂತಿದ್ದ ಮೇಷ್ಟ್ರು ಪೂರ್ತಿ ಕೇಳಿ, “ದೂರ ಮೂರರಲ್ಲೊಂದು ಪಾಲು ಕಮ್ಮಿಯಾದರೆ ಬಲ ಒಂದೂವರೆ ಪಟ್ಟು ಹಾಕಬೇಕಲ್ಲಪ್ಪ? ಆರ್ಕಿಮಿಡೀಸ್ ಯಾರಿಗೂ ಬಿಟ್ಟಿ ಕೊಟ್ಟಿಲ್ಲ. ಈಗ ಕೋಲು ಕೊಡು, ನಾನು ಹೋಗಬೇಕು” ಅಂದರು.

ಆದರೂ ಹಾಕಿಸಿದರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಗೇರಪ್ಪನವರನ್ನು ಕಂಡರೆ ಹುಡುಗರು ಕುರ್ಚಿ ಎಳೆದು ಟೀ ಹೇಳುತ್ತಾರೆ. ಸೀಟ್ ಕವರಿಗೆ ಬರುವ ಗಿರಾಕಿ ಕವರ್ ಕೊಂಡು ಹೋಗುತ್ತಾನೆ. ಇವರು ಹಾಗಲ್ಲ, ಮತ್ತೆ ಬರುತ್ತಾರೆ. ರಬ್ಬರ್ ಬುಷ್ ಹೋಗಿ ಪೀಣ್ಯದ ಲೇತಿನಲ್ಲಿ ಕಡೆಸಿದ ಹಿತ್ತಾಳೆ ಬುಷ್ ಬಂತು. ಗೇರ್ ನಿಜಕ್ಕೂ ಬಿಗಿಯಾಯಿತು. ಜೊತೆಗೆ ಅದುವರೆಗೆ ರಬ್ಬರ್ ಕುಡಿದುಕೊಂಡಿದ್ದ ಎಂಜಿನ್ ನಡುಕವೆಲ್ಲ ಲಿವರಿಗೆ ಏರಿ ಬಂತು. “ರೀ, ಇದು ಯಾಕೆ ಹೀಗೆ ಜುಮುಜುಮು ಅನ್ನುತ್ತೆ?” ಎಂದು ಅವರ ಹೆಂಡತಿ ಕೇಳಿದರು. ಅದು ಕಾರಿನ ನಾಡಿ, ಈಗ ನಮಗೆ ತಿಳಿಯುತ್ತಿದೆ ಎಂದು ಗೇರಪ್ಪನವರು ಸಮಜಾಯಿಷಿ ಕೊಟ್ಟರು. ನಾಡಿ ಇಷ್ಟು ಜೋರಾಗಿದ್ದರೆ ಡಾಕ್ಟರಿಗೆ ತೋರಿಸಬೇಡವೇ ಎಂದು ಆಕೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಆಮೇಲೆ ಬಂದದ್ದು ನಾಬ್. ತಲೆ ಭಾರವಾಗಿದ್ದರೆ ಲಿವರ್ ಹೊರಟ ರಭಸದಲ್ಲೇ ಗೇರಿನೊಳಗೆ ಹೋಗಿ ಕೂರುತ್ತದೆ ಎಂಬುದು ಸಿದ್ಧಾಂತ, ಅದರಲ್ಲಿ ಸುಳ್ಳೇನೂ ಇಲ್ಲ. 1997ರ ಹೊಂಡಾ ಸಿವಿಕ್ ಟೈಪ್ ಆರ್ ಕಾರಿಗೆ ಕಂಪನಿಯವರೇ ಟೈಟಾನಿಯಂ ನಾಬ್ ಕೊಟ್ಟಿದ್ದರು ಎಂಬುದನ್ನು ಗೇರಪ್ಪನವರು ಸುಪ್ರಭಾತದಂತೆ ದಿನಾ ಒಪ್ಪಿಸುತ್ತಾರೆ. ಟೈಟಾನಿಯಂ ಎಟುಕಲಿಲ್ಲ, ಅರ್ಧ ಕಿಲೋ ತೂಕದ ಸ್ಟೀಲಿನ ಗುಂಡು ತರಿಸಿದರು. ತಿರುಪಿನ ಮರೆ ಕೂರಲಿಲ್ಲ, ಮತ್ತೆ ಲೇತ್. ಕೂತ ಮೇಲೆ ಏಪ್ರಿಲ್ ಬಂತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಗುಂಡು ಕಾದು ಕೂತಿತ್ತು. ತರಕಾರಿ ತರಲು ಹೊರಟ ಹೆಂಡತಿ ಅದನ್ನು ಹಿಡಿದು ಚೀರಿ, ಮನೆಗೆ ವಾಪಸ್ ಹೋಗಿ ಅಡುಗೆಮನೆಯಿಂದ ಮಸಿಬಟ್ಟೆ ತಂದರು. ಅಂದಿನಿಂದ ಆ ಬಟ್ಟೆ ಡ್ಯಾಶ್‌ಬೋರ್ಡಿನಲ್ಲೇ ಇದೆ. ಕುಕ್ಕರ್ ಇಳಿಸುವವರಂತೆ ಎರಡು ಮಡಿಕೆ ಮಾಡಿ ಫಸ್ಟ್ ಗೇರ್ ಹಾಕುವುದು ಆಕೆಗೆ ಈಗ ರೂಢಿ. ಅಂದಹಾಗೆ, ಬಟ್ಟೆ ಹಿಡಿದೇ ಆಕೆ ಗಂಡನಿಗಿಂತ ಚೆನ್ನಾಗಿ ಗೇರ್ ಹಾಕುತ್ತಾರೆ. ಇದನ್ನು ನಾನು ಹೇಳಿದೆನೆಂದು ಯಾರಿಗೂ ಹೇಳಬೇಡಿ.

ಕಲ್ಯಾಣ ಮಂಟಪಗಳಿಗೆ ಹೋಗುವುದು ಅವರಿಗೆ ಸಂಕಟ. ಪಾರ್ಕಿಂಗ್ ಹುಡುಗನಿಗೆ ಕೀ ಕೊಡಬೇಕಲ್ಲ! ರಿಸೆಪ್ಷನ್ ಉಡುಪಿನಲ್ಲೇ ಕಿಟಕಿಗೆ ಬಗ್ಗಿ, ಕ್ಲಚ್ ಪೂರ್ತಿ ತುಳಿಯಬೇಕು, ಲಿವರ್ ಮೇಲೆ ಕೈ ಊರಿಕೊಂಡು ಕೂರಬಾರದು, ಒಳಗಿನ ಫೋರ್ಕ್ ಸವೆಯುತ್ತದೆ ಎಂದೆಲ್ಲ ವಿವರಿಸುತ್ತಾರೆ. ಒಮ್ಮೆ ಒಬ್ಬ ಹುಡುಗ ಎಲ್ಲಕ್ಕೂ ಹೂಂಗುಟ್ಟಿ ಕೂತವನು, ಮೊಟಕಾದ ಲಿವರನ್ನು ನೋಡಿ ಕೈ ಹಿಂದೆಗೆದ. “ಸಾರ್, ಇದು ಮುರಿದಿದೆ. ನಾನು ಮುರಿದದ್ದಲ್ಲ, ಮೊದಲೇ ಹೇಳಿದೀನಿ.”

ಮಾವನವರು ಬಂದರಂತೂ ಇನ್ನೊಂದು ಕಥೆ. ಅವರು ಕೆಎಸ್ಸಾರ್ಟಿಸಿ ಡ್ರೈವರ್ ಆಗಿ ನಿವೃತ್ತರಾದವರು. ಸೊಂಟದೆತ್ತರದ ಗೇರ್ ರಾಡು, ಪವರ್ ಇಲ್ಲದ ಸ್ಟೀರಿಂಗು, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕ್ಲಚ್ ತುಳಿದು ನ್ಯೂಟ್ರಲ್, ಒಮ್ಮೆ ಆಕ್ಸಿಲರೇಟರ್, ಮತ್ತೆ ಕ್ಲಚ್, ಆಮೇಲೆ ಗೇರ್. ಈ ಡಬಲ್ ಕ್ಲಚ್ಚಿನ ಕಷ್ಟ ತಪ್ಪಿಸಲೆಂದೇ 1928ರಷ್ಟು ಹಿಂದೆ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಶ್ ಬಂದಿತ್ತು; ಅದು ಮಾವನವರ ಬಸ್ಸಿನ ತನಕ ಬರಲು ಸಾವಕಾಶ ಮಾಡಿತು. ಎಂಜಿನ್ನಿನ ಸದ್ದು ಕೇಳಿಯೇ ಗೇರ್ ಹಾಕುತ್ತಿದ್ದ ಆ ಹಿರಿಯರನ್ನು ಅಳಿಯ ಕಾರಿನಲ್ಲಿ ಕೂರಿಸಿ ನೈಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದರು. ಹೇಗಿದೆ ಎಂದು ಕೇಳಿದರು. ಮಾವನವರು ಎಲೆಅಡಿಕೆ ಒಂದು ಕಡೆಗೆ ಸರಿಸಿ, “ಬೀಳ್ತಾ ಇದೆಯಲ್ಲ ಅಳಿಯಂದಿರೇ, ಇನ್ನೇನು?” ಅಂದರು. ಗೇರಪ್ಪನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಯಿಲ್ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ, ಹೋದವರು ಯಾರೂ ಬೇಗ ಹಿಂದಿರುಗಿಲ್ಲ. ಜಿಎಲ್-4 ಹಾಕಬೇಕೋ ಜಿಎಲ್-5 ಹಾಕಬೇಕೋ ಎಂಬುದು ಅವರಿಗೆ ದ್ವೈತ-ಅದ್ವೈತದಷ್ಟು ದೊಡ್ಡ ವಾದ. ಎರಡನೆಯದರ ಗಂಧಕದ ಮದ್ದು ಸಿಂಕ್ರೊದ ಹಿತ್ತಾಳೆ ರಿಂಗನ್ನು ತಿನ್ನಬಹುದೆಂಬುದು ಅವರ ಆತಂಕ. ಆಯಿಲ್ ತಣ್ಣಗಿದ್ದಾಗ ಗಟ್ಟಿಯಾಗಿರುವುದರಿಂದ ಡಿಸೆಂಬರಿನ ಬೆಳಿಗ್ಗೆ ಅವರ ಸೆಕೆಂಡ್ ಗೇರ್ ಮುನಿಸಿಕೊಳ್ಳುತ್ತದೆ. ಲಿಫ್ಟಿನಲ್ಲಿ ಸಿಕ್ಕಾಗ ಚಳಿ ಹೇಗಿದೆ ಎಂದರೆ, “ಸೆಕೆಂಡ್ ಬೀಳೋಕೆ ಹಾಲಿನ ಬೂತ್ ತನಕ ಆಯಿತು” ಎನ್ನುತ್ತಾರೆ. ಹವಾಮಾನ ಇಲಾಖೆ ಕೂಡ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಕಡೆಗೊಂದು ದಿನ ಕಲಾಸಿಪಾಳ್ಯದ ವಯಸ್ಸಾದ ಮೆಕ್ಯಾನಿಕ್ಕೊಬ್ಬರ ಹತ್ತಿರ ಹೋದರು. ಅವರು ಲಿವರ್ ಮುಟ್ಟಲೇ ಇಲ್ಲ. ಕಾಲ ಬುಡಕ್ಕೆ ಬಗ್ಗಿ, ಕಂಪನಿ ಮ್ಯಾಟಿನ ಮೇಲೆ ಗೇರಪ್ಪನವರು ಹಾಕಿಸಿದ್ದ ದಪ್ಪನೆಯ ಇನ್ನೊಂದು ಮ್ಯಾಟನ್ನು ಎಳೆದು ಹೊರಗೆಸೆದರು. “ಕ್ಲಚ್ ಪೂರ್ತಿ ಕೆಳಗೆ ಹೋಗ್ತಾನೇ ಇರಲಿಲ್ಲ ಸಾರ್. ಈಗ ಹಾಕಿ ನೋಡಿ.” ಬಿತ್ತು. ಟಕ್ ಅಂತಲೇ ಬಿತ್ತು. ದುಡ್ಡು ಬೇಡವೆಂದರಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಮುಗಿದು ಈ ಸಹವಾಸ ಬಿಡುತ್ತಿದ್ದರು. ಗೇರಪ್ಪನವರು ಲೆಕ್ಕ ಹಾಕಿದರು: ಮ್ಯಾಟಿನಿಂದ ಇಪ್ಪತ್ತು ಪರ್ಸೆಂಟ್, ಬುಷ್‌ನಿಂದ ನಲವತ್ತು, ನಾಬ್‌ನಿಂದ ಇಪ್ಪತ್ತು, ಬಾಕಿ ಇಪ್ಪತ್ತು ಇನ್ನೂ ಸಿಗಬೇಕಿದೆ. ಆ ಇಪ್ಪತ್ತು ಸಿಕ್ಕಿಬಿಟ್ಟರೆ ಭಾನುವಾರಗಳನ್ನು ಏನು ಮಾಡುವುದೆಂಬ ಭಯ ಅವರಿಗಿದೆ ಎಂದು ನನ್ನ ಗುಮಾನಿ.

ಆ ಇಪ್ಪತ್ತಕ್ಕಾಗಿಯೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾಜ್ದಾ ಮಿಯಾಟಾದ ವಿಡಿಯೋ ನೋಡುತ್ತಾರೆ. 1989ರಲ್ಲಿ ಬಂದ ಆ ಪುಟ್ಟ ಜಪಾನಿ ಕಾರಿನಲ್ಲಿ ಲಿವರಿನ ಕೆಳಗೇ ಗೇರ್ ಬಾಕ್ಸಿದೆ, ನಡುವೆ ಕೇಬಲ್ಲುಗಳಿಲ್ಲ. ಕಣ್ಣು ಮುಚ್ಚಿ ಬರೀ ಸದ್ದು ಕೇಳುತ್ತಾರೆ. ಮಗಳು ಒಮ್ಮೆ ನೀರು ಕುಡಿಯಲು ಎದ್ದು ಬಂದು ನೋಡಿ, “ಅಮ್ಮಾ, ಅಪ್ಪ ಧ್ಯಾನ ಕಲಿತಿದ್ದಾರೆ” ಎಂದಳಂತೆ. ಆ ಮಗಳೇ ಈಗ ಲೈಸೆನ್ಸ್ ವಯಸ್ಸಿಗೆ ಬಂದು, ಕಲಿತರೆ ಆಟೋಮ್ಯಾಟಿಕ್ಕಿನಲ್ಲೇ ಕಲಿಯುತ್ತೇನೆ ಎನ್ನುತ್ತಿದ್ದಾಳೆ. 2014ರಲ್ಲಿ ಸೆಲೆರಿಯೊ ಕಾರು ಕ್ಲಚ್ ಪೆಡಲನ್ನೇ ತೆಗೆದುಹಾಕಿ ಬಂದ ಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ ಒಬ್ಬೊಬ್ಬರೇ ಪಕ್ಷಾಂತರ ಮಾಡಿದ್ದಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಫಸ್ಟು, ನ್ಯೂಟ್ರಲ್ಲು, ಫಸ್ಟು ಎಂದು ಕಾಲು ಬೀಳುವಷ್ಟು ತುಳಿದವರನ್ನು ದೂರುವುದು ಹೇಗೆ? ಗೇರಪ್ಪನವರು ದೂರುತ್ತಾರೆ. ಅವರ ಪ್ರಕಾರ ಅದು ಲಿಫ್ಟು, ಕಾರಲ್ಲ.

ಮೊನ್ನೆ ಅವರ ಕಾರು ಬಾಕಿ ಇಪ್ಪತ್ತು ಪರ್ಸೆಂಟಿನ ಸಲುವಾಗಿ ಗ್ಯಾರೇಜ್ ಸೇರಿತ್ತು. ಮೆಜೆಸ್ಟಿಕ್‌ಗೆ ಹೋಗಬೇಕಿದ್ದರಿಂದ ಇಬ್ಬರೂ ಒಂದು ಕ್ಯಾಬ್ ಹಿಡಿದೆವು. ಮೀಟರಿನಲ್ಲಿ ಮೂರು ಲಕ್ಷ ಕಿಲೋಮೀಟರು ದಾಟಿದ ಕಾರು, ಗೇರ್ ಲಿವರಿನ ರಬ್ಬರ್ ಹರಿದು ಇನ್ಸುಲೇಷನ್ ಟೇಪ್ ಸುತ್ತಿತ್ತು. ಗೇರಪ್ಪನವರು ಮುಂದಿನ ಸೀಟಿನಲ್ಲಿ ಕೂತಿದ್ದರು. ಡ್ರೈವರ್ ಒಂದು ಕೈಯಲ್ಲಿ ಮ್ಯಾಪ್ ಸರಿಸುತ್ತಲೇ, ಇನ್ನೊಂದರ ಎರಡೇ ಬೆರಳಲ್ಲಿ ಲಿವರನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದ. ಸದ್ದೇ ಇಲ್ಲ. ಆಗ ಸ್ಟೀರಿಂಗ್ ಹಿಡಿದಿರುವುದು ಯಾರೆಂದು ನಾನು ಹಿಂದೆ ಕೂತು ಗಾಬರಿಯಾಗಿದ್ದೆ. ಗೇರಪ್ಪನವರಿಗೆ ಅದರ ಪರಿವೆಯಿಲ್ಲ. ಅವರ ಕಣ್ಣು ಆ ಟೇಪಿನ ಮೇಲೇ ನೆಟ್ಟಿತ್ತು. ಟೌನ್ ಹಾಲ್ ಬರುವಷ್ಟರಲ್ಲಿ ತಡೆಯಲಾಗಲಿಲ್ಲ.

“ಏನು ಹಾಕಿಸಿದೀರಪ್ಪ ಇದಕ್ಕೆ?” ಎಂದು ಮೆಲ್ಲಗೆ ಕೇಳಿದರು.

“ಸಿಎನ್‌ಜಿ, ಸಾರ್.”